ಮುಳ್ಳಿಲ್ಲದ ಮೀನು

ಮಗನಿಗೆ ಹೆಣ್ಣು ನೋಡುವಾಗ ವಾರಿಜಕ್ಕ ಜಾತಕ ಕೇಳುವವರಲ್ಲ. ಹುಡುಗಿಗೆ ಬಂಗುಡೆ ಮೀನು ಬಡಿಸಿ ಎದುರಿಗೆ ಕೂರುವವರು. ಮುಳ್ಳಿನ ಮೇಲೆ ಮಾಂಸ ಉಳಿಸಿದರೆಂದು ಆಗಲೇ ಇಬ್ಬರನ್ನು ಬೇಡವೆಂದಿದ್ದರು. ಈ ಸುದ್ದಿ ಭವಿತಾಳಿಗೆ ಮೊದಲೇ ಮುಟ್ಟಿತ್ತು. ಹುಡುಗ ನಿಶಾಂತ ಅವಳಿಗೆ ಹಿಡಿಸಿದ್ದ. ಆದರೆ ಮುಳ್ಳು ಬಿಡಿಸುವುದು ಮಾತ್ರ ಅವಳಿಗೆ ಈ ಜನ್ಮದಲ್ಲಿ ಬಂದಿರಲಿಲ್ಲ. ಅಜ್ಜಿ ಇರುವಷ್ಟು ದಿನ ಅಜ್ಜಿ ಬಿಡಿಸಿ ಕೊಟ್ಟರು; ಆಮೇಲೆ ಅವಳು ಬರೇ ಸಾರು ಕಲಸಿಕೊಂಡು ಉಂಡಳು.

ಹಾಗಾಗಿ ಭೇಟಿ ಎಲ್ಲಿ ಎಂಬ ಮಾತು ಬಂದಾಗ, ಮಲ್ಪೆ ಬಂದರಿನ ಹತ್ತಿರದ ನೂಡಲ್ಸ್ ಹೋಟೆಲಿನ ಹೆಸರು ಹೇಳಿದಳು. ನಿಶಾಂತ ಕೂಡಲೇ ಒಪ್ಪಿದ.

ಫಿಶ್ ಬಾಲ್ ನೂಡಲ್ಸ್ ಬಂತು, ಹಿಂದೆಯೇ ಫಿಶ್ ಮೊಮೊ ಬಂತು. ವಾರಿಜಕ್ಕ ಒಂದು ಉಂಡೆಯನ್ನು ಚಮಚದಲ್ಲಿ ಒಡೆದು ಒಳಗೆಲ್ಲ ಹುಡುಕಿದರು.

"ಇದರ ಮುಳ್ಳು ಎಲ್ಲಿ ಹೋಯ್ತು?"

"ಅರೆಯುವ ಮೊದಲೇ ತೆಗೀತಾರೆ ಆಂಟಿ," ಎಂದಳು ಭವಿತಾ.

ವಾರಿಜಕ್ಕ ಒಡೆದ ಉಂಡೆ ತಿಂದರು. ಭವಿತಾ ಬಟ್ಟಲಿನ ತಳ ಕಾಣುವ ಹಾಗೆ ಖಾಲಿ ಮಾಡಿದಳು. ನಿಶಾಂತ ತಲೆಯೆತ್ತದೆ ಎರಡನೇ ಪ್ಲೇಟ್ ಮೊಮೊ ಮುಗಿಸುತ್ತಿದ್ದ.

"ಇದರಲ್ಲಿ ನೋಡ್ಲಿಕ್ಕೆ ಎಂತದೂ ಇಲ್ಲ," ವಾರಿಜಕ್ಕ ಕೊನೆಗೆ ಕೈ ಒರೆಸಿಕೊಂಡರು. "ನೀನೇ ಹೇಳು ಮಗಾ. ಬಂಗುಡೆ ಮುಳ್ಳು ತೆಗೀಲಿಕ್ಕೆ ಬರ್ತದಾ?"

ಭವಿತಾ ಒಮ್ಮೆ ನಿಶಾಂತನನ್ನು ನೋಡಿದಳು.

"ಕಣ್ಣು ಮುಚ್ಚಿ ತೆಗೀತೇನೆ ಆಂಟಿ."

"ಹಾಗಾದ್ರೆ ಒಪ್ಪಿಗೆ," ಎಂದರು ವಾರಿಜಕ್ಕ. "ಮೂವತ್ತೊಂದು ವರ್ಷ ಇವನಿಗೆ ನಾನು ತೆಗೆದು ಕೊಟ್ಟೆ. ಇನ್ನು ನೀನು."