ಮಿಷನ್ ಎಣ್ಣೆ

ಟೈಲರ್ ಮಾಸ್ಟರು ಸೈಕಲ್ಲನ್ನು ರಿಪೇರಿ ಅಂಗಡಿಯೊಳಕ್ಕೆ ತಳ್ಳಿಕೊಂಡು ಬಂದು, ನಿಲ್ಲಿಸಲೆಂದು ಬ್ರೇಕ್ ಒತ್ತಿದರು. ಕಿವಿ ಹರಿದುಹೋಗುವಂತೆ ಅದು ಕಿರುಚಿತು. ಚಕ್ರ ಮಾತ್ರ ತನ್ನ ಪಾಡಿಗೆ ತಾನು ಇನ್ನೂ ಒಂದು ಸುತ್ತು ಉರುಳಿ, ಗೋಡೆಗೆ ತಾಗಿ ನಿಂತಿತು.

"ಕೇಳಿದ್ಯೇನಮ್ಮ? ಬಾಯಿ ಜೋರು, ಕೆಲಸ ಸೊನ್ನೆ. ಥೇಟ್ ಇದನ್ನ ಓಡಿಸ್ತಿದ್ದವನ ಹಾಗೆ."

ಓಡಿಸುತ್ತಿದ್ದವನು ಅವರ ಮಗ. ಗುಡ್ಡದ ಇಳಿಜಾರಿನ ತಿರುವಿನಲ್ಲಿ ಇದೇ ಸೈಕಲ್ಲಿನಿಂದ ಬಿದ್ದು ಸೊಂಟ ಮುರಿದುಕೊಂಡವನು ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಏಳುತ್ತಾನೆ ಎಂದು ಡಾಕ್ಟರೂ ಹೇಳುತ್ತಿಲ್ಲ. ಈಗ ಮಗಳಿಗೆ ಗುಡ್ಡದಾಚೆ ಕೆಲಸ ಸಿಕ್ಕಿದೆ. ನಾಳೆಯಿಂದ ಅವಳಿಗೂ ಅದೇ ಇಳಿಜಾರು, ಅದೇ ಸೈಕಲ್ಲು.

ರಿಪೇರಿ ಅಂಗಡಿಯವಳನ್ನು ಹುಡುಗರೆಲ್ಲ ಬ್ರೇಕ್ ಅಕ್ಕ ಎಂದೇ ಕರೆಯುವುದು. ಅವಳು ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ ಲಿವರ್ ಒತ್ತಿ ನೋಡಿದಳು. ಗಟ್ಟಿಯಾಗಿಯೇ ಇತ್ತು, ಅಂದರೆ ಬ್ರೇಕ್ ದ್ರವದ ಪೈಪಿನೊಳಗೆ ಗಾಳಿ ಸೇರಿಲ್ಲ. ಎಲ್ಲೂ ಸೋರಿಲ್ಲ, ಚಕ್ರದ ಜೊತೆ ತಿರುಗುವ ಡಿಸ್ಕ್ ಸೊಟ್ಟಗಾಗಿಲ್ಲ, ಅದನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡುಗಳೂ ಸವೆದಿಲ್ಲ. ಬಿಳಿ ಬಟ್ಟೆಯಿಂದ ಡಿಸ್ಕ್ ಒರೆಸಿ ಮೂಸಿದಳು. ಹೊಲಿಗೆ ಮಿಷನ್ನಿನ ಎಣ್ಣೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಬೆಳಿಗ್ಗೆ ಆ ಮಗನೇ ಫೋನ್ ಮಾಡಿದ್ದ.

"ಮೊನ್ನೆ ಮಲಗಿದ್ದಲ್ಲಿಂದ್ಲೇ ನೋಡಿದೆ ಅಕ್ಕ, ಅಪ್ಪ ಡಿಸ್ಕಿಗೆ ಎಣ್ಣೆ ಬಿಡ್ತಿದ್ರು. ಮುಂಚೆಯಿಂದ್ಲೂ ಬಿಡ್ತಿದ್ರು ಅನ್ಸುತ್ತೆ, ನಂಗೇ ಗೊತ್ತಿರ್ಲಿಲ್ಲ. ಪ್ಯಾಡ್ ಬದಲಾಯಿಸಿಬಿಡು. ಸವೆದಿತ್ತು ಅಂತ ಹೇಳು. ಎಣ್ಣೆ ಮಾತು ಮಾತ್ರ ಎತ್ತಬೇಡ, ಅವ್ರು ತಡ್ಕೊಳ್ಳಲ್ಲ." ಅಕ್ಕ ಆಗಲಿ ಎಂದಿದ್ದಳು.

ಅವಳು ಹಳೆಯ ಪ್ಯಾಡು ಕಳಚುತ್ತಿದ್ದರೆ ಮಾಸ್ಟರು ಕೊರಳಲ್ಲಿ ತೂಗುತ್ತಿದ್ದ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಮಗನನ್ನು ಬೈಯುತ್ತಲೇ ಇದ್ದರು. "ಬ್ರೇಕ್ ಹಿಡೀಲಿಲ್ಲ, ಬ್ರೇಕ್ ಹಿಡೀಲಿಲ್ಲ, ಬಿದ್ದ ದಿನದಿಂದ ಇದೊಂದೇ ರಾಗ. ನಾನು ಬಿಡ್ತೀನಾ? ಹುಚ್ಚುಹುಚ್ಚಾಗಿ ಓಡಿಸಿ ಮೂಳೆ ಮುರ್ಕೊಂಡು ಸೈಕಲ್ ಮೇಲೆ ಹಾಕ್ತೀಯೇನೋ ಅಂತ ದಿನಾ ಕೇಳ್ದೆ. ಮೊನ್ನೆ ಕೊನೆಗೂ ಒಪ್ಕೊಂಡ, ಜೋರಾಗಿ ಹೋಗ್ತಿದ್ದೆ ಅಂತ." ಗೆದ್ದವರ ಮಾತು, ಮುಖ ನೋಡಿದರೆ ಸೋತು ಸುಣ್ಣವಾಗಿತ್ತು.

ಅಕ್ಕ ತಲೆಯೆತ್ತಲಿಲ್ಲ. ಸ್ಪಿರಿಟ್ಟಿನಲ್ಲಿ ಡಿಸ್ಕ್ ತೊಳೆದು, ಹೊಸ ಪ್ಯಾಡು ಕೂರಿಸಿ, ಬೀದಿಯಲ್ಲಿ ನಾಲ್ಕಾರು ಸಲ ಓಡಿಸಿ ಬ್ರೇಕ್ ಒತ್ತಿ ಪಳಗಿಸಿ ತಂದಳು. ಸದ್ದಿಲ್ಲ, ಒತ್ತಿದ ಕಡೆ ಚಕ್ರ ನೆಟ್ಟಂತೆ ನಿಲ್ಲುತ್ತಿತ್ತು. "ಪ್ಯಾಡ್ ಸವೆದಿತ್ತು ಮಾಸ್ಟ್ರೇ. ಇನ್ನು ಇದರ ತಂಟೆಗೆ ಹೋಗ್ಬೇಡಿ. ಎಣ್ಣೆಗಿಣ್ಣೆ ಏನೂ ಬೇಕಿಲ್ಲ" ಎಂದಳು, ಆದಷ್ಟು ಹಗುರವಾಗಿ. "ಹೂಂ ಹೂಂ" ಎಂದರು ಮಾಸ್ಟರು.

ಕೈ ತೊಳೆದು ತಿರುಗುವಷ್ಟರಲ್ಲಿ ಅವರು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಜೇಬಿನಲ್ಲಿ ಸದಾ ಇರುತ್ತಿದ್ದ ಉದ್ದ ಮೂತಿಯ ಎಣ್ಣೆಡಬ್ಬಿ ಡಿಸ್ಕಿನ ಮೇಲೆ ಬಾಗಿತ್ತು. ಅಕ್ಕ ಓಡಿಹೋಗಿ ಮುಂಗೈ ಹಿಡಿದುಕೊಂಡಳು.

"ಒಂದೇ ಹನಿ ಕಣಮ್ಮ. ತಿರುಗೋದಕ್ಕೆಲ್ಲ ಎಣ್ಣೆ ಬೇಕು, ಜೀವಮಾನವಿಡೀ ಮಿಷನ್ ತುಳಿದೋನು ನಾನು, ನಂಗೊತ್ತಿಲ್ವ? ಅವನ ಕಾಲದಲ್ಲೂ ಇದು ಕಿರುಚಿದಾಗೆಲ್ಲ, ಅವನು ಏಳೋದ್ರೊಳಗೆ ನಾನೇ ಬಿಡ್ತಿದ್ದೆ. ಬಿಟ್ಟಷ್ಟೂ ಕಿರುಚೋದು, ಕಿರುಚಿದಷ್ಟೂ ಬಿಡೋದು."

ಮಗನಿಗೆ ಕೊಟ್ಟ ಮಾತು ಅಕ್ಕನ ನಾಲಿಗೆಯನ್ನು ಕಟ್ಟಿಹಾಕಿತ್ತು. ನಾಳೆ ಆ ತಿರುವಿನಲ್ಲಿ ಇಳಿಯಬೇಕಾದ ಹುಡುಗಿಯ ನೆನಪು ಅದನ್ನು ಬಿಡಿಸಿತು.

"ಇಲ್ಲಿ ಎಣ್ಣೆ ಬಿದ್ರೆ ಬ್ರೇಕ್ ಹಿಡಿಯಲ್ಲ ಮಾಸ್ಟ್ರೇ. ಪ್ಯಾಡು ಎಣ್ಣೆ ಕುಡಿದುಬಿಡುತ್ತೆ, ಆಮೇಲೆ ಬರೀ ಜಾರೋದೇ. ಅದು ಕಿರುಚ್ತಿದ್ದದ್ದೂ ಅದಕ್ಕೇ."

ಮಾಸ್ಟರು ನಕ್ಕರು. ಆಮೇಲೆ ಕಟ್ಟೆಯ ಮೇಲಿದ್ದ ಹಳೆಯ ಪ್ಯಾಡುಗಳನ್ನು ನೋಡಿದರು. ಕೈಯಲ್ಲಿದ್ದ ಡಬ್ಬಿ ನೋಡಿದರು. ನಗು ಹಾಗೇ ಬಾಯಿಯ ಮೇಲೆ ಉಳಿದುಬಿಟ್ಟಿತು, ತೆಗೆಯುವುದು ಮರೆತವರಂತೆ.

"ಅವತ್ತೂ... ಬೆಳಿಗ್ಗೆ ಬಿಟ್ಟಿದ್ದೆ."

ಅಕ್ಕ ಅವರ ಮುಂಗೈಯನ್ನು ಡಿಸ್ಕಿನಿಂದ ಆಚೆಗೆ ಸರಿಸಿದಳು.

"ಅವನಿಗೆ ಗೊತ್ತಾ?"

"ಮೊನ್ನೆ ನೀವು ಎಣ್ಣೆ ಬಿಡೋದನ್ನ ಮಲಗಿದ್ದಲ್ಲಿಂದ ನೋಡಿದ್ನಂತೆ. ನಿಮಗೆ ಹೇಳ್ಬೇಡ ಅಂತ ಫೋನ್ ಮಾಡಿದ್ದ."

ಮಾಸ್ಟರು ಚಕ್ರ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬಾಗಿದ ಡಬ್ಬಿಯ ಮೂತಿಯಿಂದ ಎಣ್ಣೆ ಅವರ ಮೊಣಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅಕ್ಕ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು. ಅವರಿಗೆ ಗೊತ್ತಾಗಲೇ ಇಲ್ಲ.

"ಮೊನ್ನೆ ಸಂಜೆ ಅವನೇ ಹತ್ರ ಕರೆದ" ಎಂದರು ಮಾಸ್ಟರು. "ನೀನು ಹೇಳ್ತಿದ್ದದ್ದೇ ಸರಿ ಅಪ್ಪ, ತಪ್ಪು ನಂದೇ ಅಂದ. ನಾನೇನಂದೆ ಗೊತ್ತೇನಮ್ಮ? ಈಗ್ಲಾದ್ರೂ ಬುದ್ಧಿ ಬಂತಲ್ಲ, ಅಂದೆ."