ಮುಂದಿನ ಸರದಿ

“ಗುತ್ತಿಗೆ ನೌಕರರಿಗೆ ಅನ್ಯಾಯ ಅಂತ ಬಾಯಿ ಬಡ್ಕೋತೀರಲ್ಲಕ್ಕಾ, ಈ ಸದನದೊಳಗೇ ಅಂಥವರೊಬ್ಬರನ್ನ ತೋರಿಸಿ ನೋಡೋಣ!” ಕಾರ್ಮಿಕ ಮಂತ್ರಿ ವಿರೋಧ ಪಕ್ಷದ ಸದಸ್ಯೆಗೆ ಸವಾಲು ಹಾಕಿದರು. ಅವರ ಪಕ್ಷದವರು ಮೇಜು ಕುಟ್ಟಿ ನಕ್ಕರು.

ನಡುವಿನ ಮೇಜಿನಲ್ಲಿ ಕಲಾಪ ಬರೆದುಕೊಳ್ಳುತ್ತಿದ್ದ ಶೀಘ್ರಲಿಪಿಗಾರ್ತಿ ಆ ಮಾತನ್ನೂ ಬರೆದಳು. ಹನ್ನೊಂದು ವರ್ಷಗಳಿಂದ ಅವಳದು ಗುತ್ತಿಗೆ ಕೆಲಸವೇ. ಈ ಸಲದ ನವೀಕರಣಕ್ಕೆ ಸಹಿ ಹಾಕಬೇಕಾದ ಕಾರ್ಯದರ್ಶಿ ಎದುರಿಗೇ ಕೂತಿದ್ದರು. ಸದನದಲ್ಲಿ ಅವಳು ತುಟಿ ಬಿಚ್ಚುವಂತಿರಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಕೈ ಎತ್ತಿದಳು.

ನಗು ನಿಂತಿತು. “ಏಯ್, ಬರೆಯೋಳು ಬರಿ!” ಮಂತ್ರಿ ಗದರಿದರು. ಕೈ ಇಳಿಯಲಿಲ್ಲ. “ಇವಳನ್ನು ಹೊರಗೆ ಕಳಿಸಿ,” ಎಂದರು ಸಭಾಧ್ಯಕ್ಷರು. ಕಾರ್ಯದರ್ಶಿ ಬಾಗಿಲು ತೋರಿಸಿದರು. ಅವಳು ಎದ್ದಳು.

ಆ ಮೇಜಿನಲ್ಲಿ ಹತ್ತು ನಿಮಿಷಕ್ಕೊಬ್ಬರು ಬದಲಾಗುವುದು ಪದ್ಧತಿ. ಮುಂದಿನ ಸರದಿಯವನು ಆಗಲೇ ಬಾಗಿಲಲ್ಲಿದ್ದ. “ಬಾರಯ್ಯಾ, ನೀನು ಬರ್ಕೋ. ಇಲ್ಲಿ ಗುತ್ತಿಗೆಯವರು ಯಾರೂ ಇಲ್ಲ,” ಎಂದರು ಮಂತ್ರಿ.

“ನಾನೂ ಗುತ್ತಿಗೆಯವನೇ ಸಾರ್,” ಎಂದು ಅವನು ಅವಳಿಗೆ ಬಾಗಿಲು ತೆರೆದು ಹಿಡಿದ. ಅವನೂ, ಅವನ ಹಿಂದೆ ಸರದಿಗೆ ಕಾಯುತ್ತಿದ್ದ ಇನ್ನಿಬ್ಬರೂ ಅವಳ ಜೊತೆಗೇ ಹೊರಟರು.

ಬರೆಯುವವರಿಲ್ಲದೆ ಸದನ ನಡೆಯುವಂತಿಲ್ಲ. ಸಭಾಧ್ಯಕ್ಷರು ಕಲಾಪವನ್ನು ಮುಂದೂಡಿದರು. ಮುಂದೂಡಿದ ಆ ಮಾತನ್ನು ಬರೆದುಕೊಳ್ಳಲೂ ಯಾರೂ ಇರಲಿಲ್ಲ.