ಬರೇ ಮುಟ್ಟಿದ್ದು
ಬೆಂಚಿನ ಮೇಲೆ ಮಲಗಿ ಭಾರ ಎತ್ತುತ್ತಿದ್ದ ಜೋಯಲನ ರಾಡು ಎದೆಯಿಂದ ಒಂದು ಗೇಣು ಮೇಲೆ ಬಂದು ಸಿಕ್ಕಿಕೊಂಡಿತು. ಇದೊಂದು ಸಲ ಎತ್ತಿದರೆ ಕಡಿಯಾಳಿಯ ಆ ಜಿಮ್ಮಿನ ತಂಡದಲ್ಲಿ ಉಳಿದಿದ್ದ ಒಂದೇ ಜಾಗ ಅವನದು.

ತಲೆಯ ಬಳಿ ಕಾವಲಿಗೆ ನಿಂತಿದ್ದ ಫಾಝಿಲ್ ರಾಡಿಗೆ ಕೈ ಹಾಕಿದ. “ನೀನೇ ಎತ್ತುವುದು ಮಾರಾಯ, ನಾನು ಬರೇ ಮುಟ್ಟಿದ್ದು,” ಎನ್ನುತ್ತಿದ್ದವನ ಕುತ್ತಿಗೆಯ ನರ ಉಬ್ಬಿತ್ತು. ರಾಡು ಮೇಲೆ ಹೋಯಿತು.

ಜೋಯಲ್ ಎದ್ದವನೇ ಕನ್ನಡಿಯಲ್ಲಿ ತನ್ನ ತೋಳನ್ನು ನೋಡಿಕೊಂಡ. “ಕಂಡಿರಾ ಬೆಂಜಮಿನ್ ಸರ್? ಹೂವಿನ ಹಾಗೆ ಹೋಯಿತು.”

ತರಬೇತುದಾರ ಬೆಂಜಮಿನ್ ಅವನತ್ತ ನೋಡಲೂ ಇಲ್ಲ. ಫಾಝಿಲನ ಅಂಗೈ ಹಿಡಿದು ತಿರುಗಿಸಿದರು. ಅಲ್ಲಿ ರಾಡಿನ ತರಿತರಿ ಹಿಡಿಕೆ ಕೆಂಪಗೆ ಅಚ್ಚೊತ್ತಿತ್ತು.

“ಹೌದು ಜೋಯಲ್, ಚಂದ ಎತ್ತಿದ್ದಾನೆ. ಜಾಗ ಇವನಿಗೇ. ನೀನು ಬೇಕಾದರೆ ಇನ್ನೂ ಸ್ವಲ್ಪ ಹೊತ್ತು ಮಲಗು.”